ಹೊಸ ಗಾಡಿ ಬರಲಿ, ಅವ್ವ ಹತ್ತುವಂತಿರಲಿ

ಈ ಸಲ ದಸರಾಕ್ಕೆ ಪುಣೆಯಿಂದ ಹಾವೇರಿಗೆ ಹೊರಟಾಗ ನಮ್ಮ ಮನೆ ಎರಡು ಭಾಗವಾಗಿತ್ತು. ನಾನು, ಹೆಂಡತಿ, ಇಬ್ಬರು ಮಕ್ಕಳು ನಮ್ಮ ಹಳೆಯ ಹ್ಯಾಚ್‌ಬ್ಯಾಕ್‌ನಲ್ಲಿ. ಮೊಮ್ಮಕ್ಕಳಿಗಾಗಿ ವರ್ಷದ ಅರ್ಧ ನಮ್ಮೊಂದಿಗೇ ಇರುವ ಅಪ್ಪ, ಅವ್ವ ರಾತ್ರಿಯ ಸ್ಲೀಪರ್ ಬಸ್ಸಿನಲ್ಲಿ. ಕೆಳಗಿನ ಬರ್ತ್ ಬುಕ್ ಮಾಡಿದ್ದೆ, ಬಸ್ ಬದಲಾಗಿ ಮೇಲಿನದು ಸಿಕ್ಕಿತು. ಮಂಡಿ ನೋವಿನ ಅವ್ವ ಆ ಕಬ್ಬಿಣದ ಮೆಟ್ಟಿಲು ಹತ್ತಿದ್ದನ್ನು ಅಪ್ಪ ಹೇಳಿದಾಗ ನನಗೆ ಊಟ ಸೇರಲಿಲ್ಲ. ಅವ್ವ ಮಾತ್ರ, ‘ಐದು ಸೀಟಿನ ಗಾಡ್ಯಾಗ ಆರು ಮಂದಿ ಹೆಂಗ ಕೂಡೂದು? ನೀವು ಮಕ್ಕಳನ್ನ ಕರಕೊಂಡು ಬಂದ್ರಲ್ಲ, ಸಾಕು’ ಎಂದು ಮುಗಿಸಿದಳು.

ಇದರಲ್ಲಿ ತಪ್ಪು ನನ್ನದೂ ಇದೆ. ದೊಡ್ಡ ಗಾಡಿ ತೆಗೆದುಕೊಳ್ಳಬೇಕೆಂದು ನಿರ್ಧರಿಸಿ ಎರಡು ವರ್ಷವಾಯಿತು. ‘ಹೊಸ ಮಾಡೆಲ್ ಬರುತ್ತಂತೆ, ತಡಿ’ ಎಂದು ಆಫೀಸಿನ ಗೆಳೆಯರು ಹೇಳುತ್ತಲೇ ಇದ್ದಾರೆ, ನಾನು ತಡೆಯುತ್ತಲೇ ಇದ್ದೇನೆ. 2025ರ ಕೊನೆಯಲ್ಲಿ ನನ್ನಂಥ ಬಹಳ ಮಂದಿ ಕಾಯುತ್ತಿದ್ದುದು ಮಹೀಂದ್ರಾ ಎಕ್ಸ್‌ಯುವಿ700ರ ಹೊಸ ರೂಪಕ್ಕೆ. ಪುಣೆ ಸುತ್ತಲಿನ ರಸ್ತೆಗಳಲ್ಲಿ ಪಟ್ಟೆ ಹಾಳೆ ಸುತ್ತಿಕೊಂಡು ಓಡುವ ಪರೀಕ್ಷಾ ಗಾಡಿ ಕಂಡರೆ ಸಾಕು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೂರು ದಿನ ಅದೇ ಚರ್ಚೆ.

ಚರ್ಚೆಯ ಬಹುಪಾಲು ಸ್ಕ್ರೀನ್‌ಗಳದ್ದು. ಆಗಿನ ಗಾಡಿಯಲ್ಲಿ 10.25 ಇಂಚಿನ ಎರಡು ಸ್ಕ್ರೀನ್ ಇದ್ದವು. ಇದೇ ಕಂಪನಿಯ ಎಲೆಕ್ಟ್ರಿಕ್ ಎಕ್ಸ್‌ಇವಿ 9ಇಗೆ 12.3 ಇಂಚಿನ ಮೂರು ಸ್ಕ್ರೀನ್ ಬಂದ ಮೇಲೆ ಹೊಸ 700ರಲ್ಲೂ ಮೂರು ಇರಲೇಬೇಕು ಎಂಬುದು ಎಲ್ಲರ ನಿರೀಕ್ಷೆಯಾಗಿತ್ತು. ಬರಲಿ. ಆದರೆ ದಿನಕ್ಕೆ ಒಂಬತ್ತು ತಾಸು ಸ್ಕ್ರೀನ್ ನೋಡುವುದೇ ಕೆಲಸವಾಗಿರುವ ನಾವು ಊರಿಗೆ ಹೋಗುವಾಗಲೂ ಇನ್ನೊಂದು ಸ್ಕ್ರೀನಿಗೆ ದುಡ್ಡು ಕೊಡಬೇಕೇ?

ಕಳೆದ ತಿಂಗಳು ಒಂದು ಶೋರೂಂಗೆ ಅವ್ವನನ್ನೂ ಕರೆದುಕೊಂಡು ಹೋದೆ. ಸೇಲ್ಸ್ ಹುಡುಗ ಸನ್‌ರೂಫ್ ತೆರೆದು ಮುಚ್ಚಿ ತೋರಿಸಿದ. ಅವ್ವ ಮೂರನೇ ಸಾಲಿಗೆ ಹತ್ತಲು ನೋಡಿದಳು. ಒಂದು ಕಾಲು ಒಳಗಿಟ್ಟು, ಬಾಗಿ, ಸೀಟಿನ ಬೆನ್ನು ಹಿಡಿದು ಅಲ್ಲೇ ನಿಂತಳು. ‘ಇದಕ್ಕಿಂತ ಬಸ್ಸ ಚೊಲೋ’ ಎಂದಳು. ನಾನು ಎರಡು ವರ್ಷದಿಂದ ಬೆಳೆಸಿಕೊಂಡು ಬಂದ ಎಕ್ಸೆಲ್ ಶೀಟ್‌ನಲ್ಲಿ ನಲವತ್ತು ಅಂಕಣಗಳಿವೆ. ‘ಅವ್ವ ಹತ್ತಬಲ್ಲಳೇ?’ ಎಂಬ ಅಂಕಣ ಇರಲಿಲ್ಲ.

ಹಾಗಾಗಿ ಹೊಸ ರೂಪದಲ್ಲಿ ನಾನು ಮೊದಲು ಹುಡುಕುವುದು ಎರಡನೇ ಸಾಲನ್ನು. ಎಕ್ಸ್‌ಯುವಿ700ರಲ್ಲಿ ಆ ಸೀಟು ಹಿಂದೆ ಮುಂದೆ ಜರುಗುತ್ತಿರಲಿಲ್ಲ. ಅದು ಜರುಗಿದರೆ ಮುಂದೆ ಅಜ್ಜ ಅಜ್ಜಿಗೆ ಕಾಲು ಚಾಚಲು, ಹಿಂದೆ ಮಕ್ಕಳಿಗೆ ಮಂಡಿ ಇಡಲು ಜಾಗ ಹೊಂದಿಸಿಕೊಳ್ಳಬಹುದು. ಎರಡನೆಯದು ಡಿಕ್ಕಿ. ಮೂರನೇ ಸಾಲು ಎತ್ತಿದ ಮೇಲೆ ಉಳಿಯುವ ಜಾಗದಲ್ಲಿ ಊರಿನಿಂದ ಬರುವ ಜೋಳದ ಚೀಲ, ಬ್ಯಾಡಗಿ ಮೆಣಸಿನಕಾಯಿ, ರೊಟ್ಟಿ ಡಬ್ಬಿ ಹಿಡಿಯಬೇಕು. ಬ್ರೋಷರ್‌ಗಳು ಮೂರನೇ ಸಾಲು ಮಡಚಿ ಡಿಕ್ಕಿ ತೋರಿಸುತ್ತವೆ, ನಾವು ಊರಿಗೆ ಹೋಗುವಾಗ ಅದು ಮಡಚುವ ಸ್ಥಿತಿಯಲ್ಲಿ ಇರುವುದಿಲ್ಲ.

ಮೂರನೆಯದು ಸುರಕ್ಷತೆ. 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಈ ಗಾಡಿಗೆ ದೊಡ್ಡವರ ರಕ್ಷಣೆಗೆ ಐದು, ಮಕ್ಕಳ ರಕ್ಷಣೆಗೆ ನಾಲ್ಕು ನಕ್ಷತ್ರ ಸಿಕ್ಕಿತ್ತು, ಅದೂ ಎರಡು ಏರ್‌ಬ್ಯಾಗ್‌ನ ಮಾದರಿಗೆ. ಮೈಕಟ್ಟು ಗಟ್ಟಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆಗ ಬದಿಯ ಏರ್‌ಬ್ಯಾಗ್, ತಾನೇ ಬ್ರೇಕ್ ಹಾಕುವ ಅಡಾಸ್ ಬೇಕೆಂದವರು ಮೇಲಿನ ವೇರಿಯಂಟ್‌ಗೆ ಹೋಗಬೇಕಿತ್ತು. ಸತಾರಾ, ಕೊಲ್ಹಾಪುರ ನಡುವೆ ರಸ್ತೆ ಅಗಲೀಕರಣದ ಡೈವರ್ಷನ್‌ಗಳಲ್ಲಿ ಎದುರಿಗೇ ಲಾರಿ ಬಂದಾಗ ನಾವು ಯಾವ ವೇರಿಯಂಟ್ ಕೊಂಡಿದ್ದೇವೆ ಎಂದು ಲಾರಿ ಕೇಳುವುದಿಲ್ಲ. ಸನ್‌ರೂಫ್ ಮೇಲಿನ ವೇರಿಯಂಟ್‌ಗೆ ಇರಲಿ, ಆರು ಏರ್‌ಬ್ಯಾಗ್ ಕೆಳಗಿನದಕ್ಕೂ ಬರಲಿ.

ಇನ್ನು ಬೆಲೆ. ಇಲ್ಲಿ ಹಳೆಯ ಕಥೆ ನೆನಪಿಟ್ಟುಕೊಳ್ಳಬೇಕು. 2021ರ ಆಗಸ್ಟ್‌ನಲ್ಲಿ ಎಕ್ಸ್‌ಯುವಿ700 ಬಂದಾಗ ದೇಶವೆಲ್ಲ ಕೇಳಿದ್ದು 11.99 ಲಕ್ಷ ಎಂಬ ಒಂದೇ ಅಂಕಿ. ಅಂದು ಹೇಳಿದ್ದು ಐದು ಸೀಟಿನ ಕೆಲವು ವೇರಿಯಂಟ್‌ಗಳ ಬೆಲೆ ಮಾತ್ರ, ಮೇಲಿನವುಗಳ ಬೆಲೆ ತಿಂಗಳ ಮೇಲೆ ತಿಳಿಯಿತು. ಅಕ್ಟೋಬರ್ 7ರಂದು ಬುಕಿಂಗ್ ತೆರೆದಾಗ ಮೊದಲ 25 ಸಾವಿರ ಗಾಡಿಗಳು 57 ನಿಮಿಷದಲ್ಲಿ ಬುಕ್ ಆದವು. ಆಮೇಲೆ ಆರಂಭದ ಬೆಲೆಯೇ 12.49 ಲಕ್ಷಕ್ಕೆ ಏರಿತು. 2024ರ ಜುಲೈನಲ್ಲಿ ಇದೇ ಗಾಡಿಯ ಕೆಲವು ಎಎಕ್ಸ್7 ವೇರಿಯಂಟ್‌ಗಳ ಬೆಲೆ ಎರಡು ಲಕ್ಷಕ್ಕೂ ಹೆಚ್ಚು ಇಳಿಯಿತು. ಜೂನ್‌ನಲ್ಲಿ ಕೊಂಡವರ ಹೊಟ್ಟೆ ಉರಿಯನ್ನು ಊಹಿಸಿಕೊಳ್ಳಿ.

ಈ ಬಾರಿಯೂ ಆರಂಭದ ಬೆಲೆಯನ್ನು ಹಳೆಯದರ ಹತ್ತಿರವೇ ಇಟ್ಟು ಮಧ್ಯದ, ಮೇಲಿನ ವೇರಿಯಂಟ್‌ಗಳಲ್ಲಿ ಏರಿಸುತ್ತಾರೆ ಎಂಬುದು ನನ್ನ ಅಂದಾಜಾಗಿತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲೆ ಸೆಸ್ ಹೋಗಿ ಜಿಎಸ್‌ಟಿ ಶೇ 40ಕ್ಕೆ ನಿಂತಿದೆ. ತೆರಿಗೆಯಲ್ಲಿ ಉಳಿದದ್ದನ್ನು ಹೊಸ ಸ್ಕ್ರೀನ್‌ಗಳು ನುಂಗದಿದ್ದರೆ ಸಾಕು. ಎಲ್ಲ ವೇರಿಯಂಟ್‌ಗಳ ಬೆಲೆಯನ್ನೂ ಒಂದೇ ದಿನ ಹೇಳುವುದು ಗ್ರಾಹಕನಿಗೆ ಕೊಡಬೇಕಾದ ಕನಿಷ್ಠ ಮರ್ಯಾದೆ. ಅದು ತಿಳಿಯುವವರೆಗೆ ಬುಕಿಂಗ್ ಮಾಡಬೇಡಿ.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಲೆಕ್ಕವೂ ಇದೆ. ಎಕ್ಸ್ ಶೋರೂಂ ಬೆಲೆ 18 ಲಕ್ಷದ ಡೀಸೆಲ್ ಗಾಡಿ ಎಂದುಕೊಳ್ಳಿ. ಮಹಾರಾಷ್ಟ್ರದಲ್ಲಿ ರಸ್ತೆ ತೆರಿಗೆ ಶೇ 14, ಅಂದರೆ 2.52 ಲಕ್ಷ. ಕರ್ನಾಟಕದಲ್ಲಿ ಶೇ 17ರಂತೆ 3.06 ಲಕ್ಷ, ಅದರ ಮೇಲೆ ಸೆಸ್. ಇಲ್ಲಿ ಅಗ್ಗವೆಂದು ಎಂಎಚ್ ನಂಬರ್ ಹಾಕಿಸಿ ನಾಳೆ ಬೆಂಗಳೂರಿಗೆ ಕೆಲಸ ಬದಲಿಸಿದರೆ? ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಗಾಡಿ ಇಟ್ಟರೆ ಮರುನೋಂದಣಿ ಕಡ್ಡಾಯ. ಎನ್‌ಒಸಿ ತರಬೇಕು, ಅಲ್ಲಿ ತೆರಿಗೆ ಕಟ್ಟಬೇಕು, ಇಲ್ಲಿ ಮರುಪಾವತಿಗೆ ಅಲೆಯಬೇಕು. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯಲ್ಲಿದ್ದರೆ ಬಿಎಚ್ ಸರಣಿಯ ನಂಬರ್‌ಗೆ ಅರ್ಜಿ ಹಾಕಬಹುದು. ಅದರಲ್ಲಿ ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು. ಐದು ವರ್ಷದಲ್ಲಿ ಊರ ಕಡೆ ಮರಳುವ ಯೋಚನೆ ಇರುವವರು ಗಾಡಿಯ ಬಣ್ಣ ಆರಿಸುವ ಮೊದಲು ಇದನ್ನು ಎಚ್‌ಆರ್ ವಿಭಾಗದಲ್ಲಿ ವಿಚಾರಿಸಲಿ. ಹತ್ತು ಲಕ್ಷ ಮೀರಿದ ಗಾಡಿಯ ಬಿಲ್ಲಿನಲ್ಲಿ ಶೇ 1 ಟಿಸಿಎಸ್ ಹಿಡಿದಿರುತ್ತಾರೆ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಲು ಮರೆಯಬೇಡಿ.

ಸಾಲದ ಲೆಕ್ಕ ಇನ್ನೂ ಸರಳ. ಶೇ 9ರ ಬಡ್ಡಿ, ಐದು ವರ್ಷವಾದರೆ ಪ್ರತಿ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 2,075 ರೂಪಾಯಿ. ‘ಎರಡೇ ಲಕ್ಷ ಜಾಸ್ತಿ ಸರ್, ಟಾಪ್ ಮಾಡೆಲ್ ಬರುತ್ತೆ’ ಎಂಬ ಮಾತಿನ ಅರ್ಥ ಅರವತ್ತು ತಿಂಗಳು 4,150 ರೂಪಾಯಿ. ಒಟ್ಟು ಹತ್ತಿರಹತ್ತಿರ ಎರಡೂವರೆ ಲಕ್ಷ.

ಕಾಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹೊಸದು ಬಂದಾಗ ಹಳೆಯ ಸ್ಟಾಕಿನ ಬೆಲೆಯೂ ಇಳಿಯುತ್ತದೆ, ಎರಡು ರೀತಿಯಲ್ಲೂ ಲಾಭವೇ. ಆದರೆ ಕಾಯುವುದಕ್ಕೊಂದು ಕೊನೆ ಇರಬೇಕು. ಸಾಫ್ಟ್‌ವೇರ್‌ನಲ್ಲಿ ನಮಗೆ ಗೊತ್ತಿರುವಂತೆ, ಮುಂದಿನ ಆವೃತ್ತಿಯಲ್ಲಿ ಯಾವಾಗಲೂ ಇನ್ನೇನೋ ಒಂದು ಇದ್ದೇ ಇರುತ್ತದೆ. ನಮ್ಮ ತಂದೆತಾಯಿ ನಮ್ಮೊಂದಿಗೆ ಐದುನೂರು ಕಿಲೋಮೀಟರ್ ಕೂತು ಬರಬಲ್ಲ ವರ್ಷಗಳು ಎಷ್ಟು ಎಂಬುದನ್ನು ಯಾವ ಕಂಪನಿಯೂ ಪ್ರಕಟಿಸುವುದಿಲ್ಲ.

ಆಗ ನಾನು ಮಾಡಿದ ನಿರ್ಧಾರ ಹೀಗಿತ್ತು. ಸಂಕ್ರಾಂತಿವರೆಗೆ ಕಾಯುತ್ತೇನೆ. ಹೊಸ ಗಾಡಿ ಬಂದು, ಆರು ಏರ್‌ಬ್ಯಾಗ್ ಇರುವ ಮಧ್ಯದ ವೇರಿಯಂಟ್‌ನ ಆನ್‌ರೋಡ್ ಬೆಲೆ 22 ಲಕ್ಷದೊಳಗಿದ್ದರೆ ಅದು. ಇಲ್ಲದಿದ್ದರೆ ಬೇರೆ ಯಾವುದಾದರೂ ಏಳು ಸೀಟಿನ ಗಾಡಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಎರಡರಲ್ಲಿ ಯಾವುದೇ ಆದರೂ ದುಡ್ಡು ಕಟ್ಟುವ ಮೊದಲು ಅವ್ವ ಎರಡನೇ ಸಾಲಿನಲ್ಲಿ ಹತ್ತಿ, ಕೂತು, ಇಳಿದು ನೋಡಬೇಕು. ಎಕ್ಸೆಲ್ ಶೀಟ್‌ನ ಉಳಿದ ಅಂಕಣಗಳನ್ನು ಅಳಿಸಿದ್ದೇನೆ. ಯುಗಾದಿಗೆ ಆರೂ ಮಂದಿ ಒಂದೇ ಗಾಡಿಯಲ್ಲಿ ಹಾವೇರಿಗೆ ಹೊರಡುತ್ತೇವೆ.