ಬಚ್ಚಲು ಎಲ್ಲರದ್ದು, ತೊಳೆಯೋದು ಮಾತ್ರ ಒಬ್ಬಳದ್ದಾ?

ಬೆಳಗ್ಗೆ ಆರೂವರೆಯಿಂದ ಎಂಟೂವರೆವರೆಗೆ ನಿಮ್ಮ ಮನೆಯಲ್ಲಿ ಕೇಳಿಸುವ ಮಾತುಗಳನ್ನು ಒಂದು ದಿನ ಸುಮ್ಮನೆ ಗಮನಿಸಿ. "ಇನ್ನೂ ಎಷ್ಟೊತ್ತು?" "ಗೀಸರ್ ಆಫ್ ಮಾಡಿದ್ಯಾರು?" "ಒದ್ದೆ ಟವೆಲ್ ಇಲ್ಲೇ ಬಿಟ್ಟಿದ್ದೀರಲ್ಲ!" ಅರ್ಧಕ್ಕರ್ಧ ಜಗಳ ಬಾತ್‌ರೂಮಿನದ್ದೇ. ಅಣ್ಣ ತಮ್ಮಂದಿರು ಆಸ್ತಿಗೆ ಕಿತ್ತಾಡಿದರೆ ಊರೆಲ್ಲಾ ಮಾತಾಡುತ್ತೆ. ಈ ಜಗಳದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲ್ಲ. ಹೇಳಿಕೊಳ್ಳೋಕೆ ನಾಚಿಕೆ ನೋಡಿ!

ನಮ್ಮ ಹಿರಿಯೂರಿನ ಕಡೆಯ ಹಳೇ ಮನೆಗಳನ್ನು ನೆನಪಿಸಿಕೊಳ್ಳಿ. ಹಂಡೆ ಒಲೆಯ ಬಚ್ಚಲು ಒಳಗೆ, ಕಕ್ಕಸು ಹಿತ್ತಲಲ್ಲಿ. ಒಬ್ಬರು ಸ್ನಾನಕ್ಕೆ ಹೋದರೆ ಇನ್ನೊಬ್ಬರ ಅವಸರಕ್ಕೆ ಅಡ್ಡಿಯಿರಲಿಲ್ಲ. ಈಗ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟುವಾಗ ಎರಡನ್ನೂ ಒಂದೇ ಬಾಗಿಲೊಳಗೆ ಸೇರಿಸಿಬಿಟ್ಟಿದ್ದೇವೆ. ಮಗರಾಯ ಮೊಬೈಲ್ ಹಿಡಿದು ಒಳಗೆ ಸೇರಿದರೆ, ಸಕ್ಕರೆ ಕಾಯಿಲೆಯ ಮಾವನವರು ಹೊರಗೆ ಚಡಪಡಿಸಬೇಕು. ಕಾಲೇಜಿಗೆ ಹೊರಟ ಮಗಳು ಬಾಗಿಲು ಬಡಿಯಬೇಕು.

ಇವರೆಲ್ಲರ ಸರದಿ ಮುಗಿದ ಮೇಲೆ ನಿಮ್ಮದು. ಎಷ್ಟೋ ಗೃಹಿಣಿಯರು ತಿಂಡಿ, ಡಬ್ಬಿ ಎಲ್ಲಾ ಮುಗಿಯುವವರೆಗೆ ಮೂತ್ರ ತಡೆದುಕೊಂಡೇ ಓಡಾಡುತ್ತಾರೆ. ಪದೇ ಪದೇ ಹೋಗಬೇಕಾಗುತ್ತೆ ಅಂತ ನೀರನ್ನೂ ಕಡಿಮೆ ಕುಡಿಯುತ್ತಾರೆ. ಮೂತ್ರದ ಸೋಂಕಿಗೆ ಇವೆರಡೂ ದಾರಿ ಮಾಡಿಕೊಡುತ್ತವೆ. ಇದನ್ನು ಹೊಂದಾಣಿಕೆ ಅಂತ ಕರೆಯಬೇಕಾ?

ಕಲೆ ಯಾರದ್ದು?

"ಎಷ್ಟು ತೊಳೆದರೂ ಬಿಳೀ ಕಲೆ ಹೋಗಿಲ್ಲ ನೋಡು" ಅಂತ ಅತ್ತೆ ಗೊಣಗುವುದುಂಟು. ಇದಕ್ಕೆ ಸೊಸೆಯ ಸೋಮಾರಿತನ ಕಾರಣವಲ್ಲ, ಬೋರ್‌ವೆಲ್ ನೀರಿನ ಗಡಸುತನ ಕಾರಣ. ಈ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಜಿಡ್ಡಾಗಿ ನೆಲಕ್ಕೆ ಅಂಟುತ್ತವೆ. ನೀರು ಆರಿದಾಗ ನಲ್ಲಿ, ಟೈಲ್ಸ್ ಮೇಲೆ ಬಿಳೀ ಪದರ ಕೂರುತ್ತೆ. ಜಿಡ್ಡು ಬರೀ ಅಂದಗೇಡಲ್ಲ. ಅದರ ಮೇಲೆ ಕಾಲು ಜಾರಿ ಸೊಂಟದ ಮೂಳೆ ಮುರಿದರೆ ವಯಸ್ಸಾದವರು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾರೆ. ಸ್ನಾನ ಮಾಡಿದವರು ಅರ್ಧ ನಿಮಿಷ ವೈಪರ್ ಎಳೆದರೆ ಸಾಕು, ಜಿಡ್ಡೂ ಇಲ್ಲ, ಕಲೆಯೂ ಕಡಿಮೆ.

ಇನ್ನು ನೀರು ಸುರಿಯುವ ವಿಷಯ. ನಮ್ಮ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದ ಊರಿನವರು ನಾವು. ನಲ್ಲಿ ತಿರುಗಿಸಿಟ್ಟು ಹಲ್ಲುಜ್ಜುವವರಿಗೆ ಇದಕ್ಕಿಂತ ಹೆಚ್ಚು ಏನು ಹೇಳೋದು?

ಗಾಂಧೀಜಿ ಮನೆಯಲ್ಲೂ ಇದೇ ಜಗಳ

ಇದು ನಮ್ಮಂಥ ಸಾಮಾನ್ಯರ ಮನೆಯ ರಗಳೆ ಅಂದುಕೊಳ್ಳಬೇಡಿ. 1898ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಗಾಂಧೀಜಿ ಮತ್ತು ಕಸ್ತೂರ ಬಾ ನಡುವೆ ದೊಡ್ಡ ಜಗಳವಾಗಿದ್ದು ಮಲಮೂತ್ರದ ಪಾತ್ರೆಯ ವಿಷಯಕ್ಕೆ. ಮನೆಯಲ್ಲಿದ್ದ ಗುಮಾಸ್ತರೊಬ್ಬರ ಪಾತ್ರೆಯನ್ನು ಪತ್ನಿ ನಗುನಗುತ್ತಾ ತೊಳೆಯಬೇಕು ಅಂತ ಗಾಂಧೀಜಿ ಹಟ ಹಿಡಿದರು. ಮಾತಿಗೆ ಮಾತು ಬೆಳೆದು, ಆಕೆಯ ಕೈಹಿಡಿದು ಗೇಟಿನವರೆಗೆ ಎಳೆದೊಯ್ದರು. ಮುಂದೆ ಆತ್ಮಕಥೆಯಲ್ಲಿ ಇದನ್ನು ಪಶ್ಚಾತ್ತಾಪದಿಂದ ಅವರೇ ಬರೆದುಕೊಂಡರು. ಆ ಕೆಲಸವನ್ನು ಅವರೂ ಮಾಡುತ್ತಿದ್ದರು ಅನ್ನೋದು ನಿಜ. ಆದರೆ ಹುಕುಂ ಹೊರಡಿಸಿ ಸಂತೋಷದಿಂದ ಮಾಡು ಅಂದರೆ ಯಾರು ಮಾಡಿಯಾರು?

ನಮ್ಮ ಮನೆಗಳಲ್ಲಿ ಹುಕುಮಿನ ಅಗತ್ಯವೂ ಇಲ್ಲ ಬಿಡಿ. ಹೇಳದೆಯೇ ಬ್ರಷ್ ಗೃಹಿಣಿಯ ಕೈಗೆ ಬಂದಿರುತ್ತೆ. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೇ ಕೊಡುತ್ತಾರೆ. ಆ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 97 ನಿಮಿಷ. ಕೆಲವು ಮನೆಗಳಲ್ಲಂತೂ ಟಾಯ್ಲೆಟ್ ತೊಳೆಯೋಕೆ ಕೆಲಸದಾಕೆ ಬರುತ್ತಾಳೆ, ಆದರೆ ಅದನ್ನು ಬಳಸೋಕೆ ಆಕೆಗೆ ಅನುಮತಿಯಿಲ್ಲ. ಇದನ್ನು ನೋಡುತ್ತಾ ಬೆಳೆದ ಮಕ್ಕಳು ಏನು ಕಲಿಯುತ್ತಾರೆ ಹೇಳಿ?

ಹೀಗೆ ಮಾಡಿ ನೋಡಿ

* ಭಾನುವಾರ ಕಾಫಿ ಹೊತ್ತಲ್ಲಿ ಎಲ್ಲರನ್ನೂ ಕೂರಿಸಿ, ಬೆಳಗಿನ ಸರದಿ ಗೊತ್ತು ಮಾಡಿ. ನಿಮ್ಮ ಹೆಸರು ಕೊನೆಯಲ್ಲಿರಬಾರದು.

* ವಯಸ್ಸಾದವರ ಮತ್ತು ಪುಟ್ಟ ಮಕ್ಕಳ ಅವಸರಕ್ಕೆ ಸರದಿ ಅನ್ವಯಿಸದು. ಮೊಬೈಲ್ ಮಾತ್ರ ಬಾಗಿಲ ಹೊರಗೇ ಇರಲಿ.

* ವಾರಕ್ಕೊಬ್ಬರಂತೆ ಟಾಯ್ಲೆಟ್ ತೊಳೆಯುವ ಪಾಳಿ ಹಾಕಿ. ಯಜಮಾನರ, ಮಗನ ಹೆಸರೂ ಇರಲಿ. "ನಾನೇ ಮಾಡಿಬಿಡ್ತೀನಿ, ಅವರಿಗೆ ಬರಲ್ಲ" ಅಂತ ಮಧ್ಯೆ ನುಗ್ಗಬೇಡಿ.

* ಬಿಳೀ ಕಲೆಗೆ ವಿನೆಗರ್ ಅಥವಾ ನಿಂಬೆರಸ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ. ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಬೆರೆಸಲೇಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಬರುತ್ತೆ.

* ಗ್ಯಾಸ್ ಗೀಸರ್ ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಕಡೆ ಇರಲಿ. ಅದರಿಂದ ಹೊಮ್ಮಬಹುದಾದ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಜೀವವನ್ನೇ ತೆಗೆಯಬಲ್ಲದು.

* ಬಳಸಿದ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಮುಚ್ಚಳವಿರುವ ಬುಟ್ಟಿಗೆ ಹಾಕಿ, ಕಮೋಡಿಗೆ ಬೇಡ. ಆ ಬುಟ್ಟಿ ಯಾಕಿದೆ ಅಂತ ಮಗನಿಗೂ ಗೊತ್ತಿರಲಿ. ಅದರಲ್ಲಿ ಮುಚ್ಚಿಡುವಂಥದ್ದೇನಿದೆ?

ಮೊದಲೆರಡು ವಾರ ಗೊಣಗಾಟ ಇದ್ದದ್ದೇ. "ಗಂಡಸರ ಕೈಲಿ ಕಕ್ಕಸು ತೊಳೆಸ್ತಾಳೆ" ಅಂತ ನೆಂಟರು ಆಡಿಕೊಂಡಾರು. ಆಡಿಕೊಳ್ಳಲಿ ಬಿಡಿ. ಒಮ್ಮೆ ತಾನೇ ಉಜ್ಜಿದವನಿಗೆ ಮರುದಿನ ಕೊಳೆ ಮಾಡಿ ಎದ್ದು ಬರೋಕೆ ಮನಸ್ಸಾಗಲ್ಲ. ಈ ಭಾನುವಾರವೇ ಬ್ರಷ್ ಅವರ ಕೈಗೆ ಕೊಡಿ, ನೀವು ಹಾಯಾಗಿ ಮೊದಲು ಸ್ನಾನ ಮುಗಿಸಿ ಬನ್ನಿ.