ನಮ್ಮ ನಾಡಿನ ನೆನಪು: ವಿಜಯಪುರದ ಪವಿತ್ರ ಕೇಶ



ಪುಣೆಯಿಂದ ಸೊಲ್ಲಾಪುರದ ದಾರಿ ಹಿಡಿದು ಊರಿಗೆ ಹೋಗುವ ನಿಮ್ಮಲ್ಲಿ ಅನೇಕರು ಬಿಜಾಪುರದಲ್ಲಿ, ಅಂದರೆ 2014ರಿಂದ ಈಚೆಗಿನ ವಿಜಯಪುರದಲ್ಲಿ, ಇಳಿದಿರುತ್ತೀರಿ. ಗೋಲಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಎಣಿಸಿ, ಇಬ್ರಾಹಿಂ ರೋಜಾದ ಮುಂದೆ ಫೋಟೋ ತೆಗೆಸಿಕೊಂಡರೆ ಪ್ರವಾಸ ಮುಗಿಯಿತು. ಒಳಕೋಟೆಯ ಪೂರ್ವಕ್ಕೆ, ದೊಡ್ಡ ಹೊಂಡದ ಎದುರಿಗಿರುವ ಅಸರ್ ಮಹಲಿಗೆ ಹೋಗುವವರು ಕಡಿಮೆ. ಈ ಸಲ ಅಲ್ಲಿಗೆ ಹೋಗೋಣ.

ಅರಬ್ಬಿಯಲ್ಲಿ 'ಆಸಾರ್' ಎಂದರೆ ಕುರುಹುಗಳು. ಗೋಲಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್‌ಶಹಾನೇ 1646ರ ಸುಮಾರಿಗೆ ಇದನ್ನು ಕಟ್ಟಿಸಿದ. ಮೊದಲು ಇದು ನ್ಯಾಯ ಕೊಡುವ ದಾದ್ ಮಹಲ್. ಆಮೇಲೆ ಮಹಮ್ಮದ್ ಪೈಗಂಬರರ ಗಡ್ಡದ ಕೂದಲನ್ನು ಇಲ್ಲಿ ತಂದಿಟ್ಟದ್ದರಿಂದ ಅಸರ್ ಮಹಲ್ ಆಯಿತು. ಈ ಕುರುಹು ಅದಕ್ಕೂ ಹಿಂದೆ, ಎರಡನೆಯ ಇಬ್ರಾಹಿಂ ಆದಿಲ್‌ಶಹಾನ ಕಾಲದಲ್ಲೇ ಊರಿಗೆ ಬಂದಿತ್ತೆಂದು ಪ್ರತೀತಿ.

ಕೂದಲನ್ನು ಕಾಯ್ದಿಡುವ ಪದ್ಧತಿಯ ಮೂಲ ಎಲ್ಲಿ? ಕ್ರಿ.ಶ. 632ರಲ್ಲಿ ಪೈಗಂಬರರು ತಮ್ಮ ಕೊನೆಯ ಹಜ್ ಯಾತ್ರೆಯಲ್ಲಿ ಮಕ್ಕಾ ಬಳಿಯ ಮಿನಾದಲ್ಲಿ ಮುಡಿ ತೆಗೆಸಿದರು. ಆ ಕೂದಲನ್ನು ಅಬೂ ತಲ್ಹಾ ಎಂಬ ಅನುಯಾಯಿಯ ಮೂಲಕ ಜನರಿಗೆ ಹಂಚಲಾಯಿತೆಂದು ಹದೀಸ್‌ಗಳಲ್ಲಿ ಬರುತ್ತದೆ. ಅದು ಪೂಜೆಗಲ್ಲ, ಪೂಜೆ ಅಲ್ಲಾಹನಿಗೆ ಮಾತ್ರ. ಪ್ರೀತಿಪಾತ್ರರ ನೆನಪೆಂದು, ಬರಕತ್ ಎಂದು ಜನ ಕಾಯ್ದುಕೊಂಡರು. ಇಂಥ ಗೌರವವನ್ನು ಒಪ್ಪದ ಮುಸ್ಲಿಂ ಪಂಡಿತರೂ ಇದ್ದಾರೆ.

ನಮ್ಮ ಮನೆಗಳಲ್ಲಿ ದೇವರ ಪಟವಿರುತ್ತದೆ. ಇಸ್ಲಾಮಿನಲ್ಲಿ ಪೈಗಂಬರರ ಚಿತ್ರ ಬರೆಯುವುದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಸರ್ ಮಹಲಿನ ಮೇಲಂತಸ್ತಿನ ಕೋಣೆಗಳ ಗೋಡೆಗಳಲ್ಲಿ ಹೂದಾನಿಗಳಿವೆ, ಬಳ್ಳಿಗಳಿವೆ, ಮಾಸಿಹೋದ ಸ್ತ್ರೀಪುರುಷರ ಚಿತ್ರಗಳೂ ಇವೆ. ಆದರೆ ಯಾರಿಗಾಗಿ ಈ ಮಹಲು ಪವಿತ್ರವಾಯಿತೋ ಅವರ ಚಿತ್ರ ಮಾತ್ರ ಇಲ್ಲ. ಅವರ ಕುರುಹು ಬೀಗ ಹಾಕಿದ ಕೋಣೆಯ ಪೆಟ್ಟಿಗೆಯಲ್ಲಿದೆ. ವರ್ಷಕ್ಕೊಮ್ಮೆ ಉರುಸು ನಡೆಯುತ್ತದೆ. ಮಹಿಳೆಯರನ್ನು ಒಳಗೆ ಬಿಡುವ ವಾಡಿಕೆ ಇಲ್ಲ.

ಇದೇ ಊರಿಗೆ ಬಂದ ಇನ್ನೊಂದು ಕೇಶದ ಕಥೆ ಬಹಳ ದೂರ ಹೋಗುತ್ತದೆ. ಕಾಶ್ಮೀರದ ಪರಂಪರೆಯ ಪ್ರಕಾರ, ಸಯ್ಯದ್ ಅಬ್ದುಲ್ಲಾ ಎಂಬವರು ಅದನ್ನು ಮದೀನಾದಿಂದ ತಂದು 1635ರಲ್ಲಿ ಬಿಜಾಪುರದಲ್ಲಿ ನೆಲೆಸಿದರು. ಮರುವರ್ಷವೇ ಶಹಾಜಿರಾಜರು ಆದಿಲ್‌ಶಾಹಿಯ ಸೇವೆಗೆ ಸೇರಿದರು. ನೀವು ಓಡಾಡುವ ಈ ಪುಣೆ ಆಗ ಅವರ ಜಹಗೀರು. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ. ಆಸ್ತಿ ಕಳೆದುಕೊಂಡ ಅಬ್ದುಲ್ಲಾರ ಮಗ ಹಮೀದ್ ಆ ಕೇಶವನ್ನು ಕಾಶ್ಮೀರದ ವ್ಯಾಪಾರಿ ನೂರುದ್ದೀನ್ ಈಶಾಯಿಗೆ ಕೊಟ್ಟರು. ಔರಂಗಜೇಬ ಅದನ್ನು ಕಸಿದು ಅಜ್ಮೀರಕ್ಕೆ ಕಳಿಸಿ, ನೂರುದ್ದೀನರನ್ನು ಸೆರೆಗೆ ಹಾಕಿಸಿದ. ಆಮೇಲೆ ಅವನ ಮನಸ್ಸು ಬದಲಾದರೂ ನೂರುದ್ದೀನರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಶವದೊಡನೆ ಕೇಶವೂ 1700ರ ಸುಮಾರಿಗೆ ಕಾಶ್ಮೀರ ಸೇರಿತು. ಅದರ ರಕ್ಷಣೆಯ ಹೊಣೆ ಮಗಳು ಇನಾಯತ್ ಬೇಗಂ ಅವರಿಗೆ ಬಂತು. ಬಿಜಾಪುರದಲ್ಲಿ ಹೆಣ್ಣುಮಕ್ಕಳು ಹೊರಗೆ ನಿಂತರೆ, ಅಲ್ಲಿ ಮಗಳ ವಂಶದವರೇ ಕಾವಲುಗಾರರಾದರು. ಅದೇ ಶ್ರೀನಗರದ ಹಜರತ್‌ಬಲ್ ದರ್ಗಾದ ಪವಿತ್ರ ಕೇಶ.

1963ರ ಡಿಸೆಂಬರ್ 27ರ ಬೆಳಗ್ಗೆ ಅದು ಕಳುವಾದದ್ದು ಗೊತ್ತಾಯಿತು. ಕೊರೆಯುವ ಚಳಿಯಲ್ಲಿ ಮುಸ್ಲಿಮರು, ಹಿಂದೂಗಳು, ಸಿಖ್ಖರು ಒಟ್ಟಾಗಿ ಬೀದಿಗಿಳಿದರು. ದೂರದ ಪೂರ್ವ ಪಾಕಿಸ್ತಾನದಲ್ಲಿ ಮಾತ್ರ ಅದೇ ಸುದ್ದಿಗೆ ಗಲಭೆಯಾಗಿ ಹಿಂದೂಗಳ ಪ್ರಾಣ ಹೋಯಿತು. 1964ರ ಜನವರಿ 4ರಂದು ಕೇಶ ಸಿಕ್ಕಿತು. ಆದರೆ ಅದೇ ಇದು ಎಂದು ಹೇಳುವವರು ಯಾರು? ಪ್ರಧಾನಿ ನೆಹರೂ ಅವರು ಲಾಲ್ ಬಹಾದೂರ್ ಶಾಸ್ತ್ರಿಯವರನ್ನು ಕಳಿಸಿದರು. ಫೆಬ್ರವರಿ 3ರಂದು ಫಕೀರ್ ಮೀರಕ್ ಶಾ ಎಂಬ ಹಿರಿಯ ಸಂತರು ನೋಡಿ ಹೌದೆಂದರು. ಕಣಿವೆ ನಿಟ್ಟುಸಿರುಬಿಟ್ಟಿತು.

"ಅದು ನಿಜವಾಗಿ ಅವರದೇ ಕೂದಲೇ?" ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಇತಿಹಾಸದ ಪುಸ್ತಕ ಸಾಕ್ಷಿ ಹೇಳಲಾರದು. ಸರ್ಕಾರಕ್ಕೂ ಕೊನೆಗೆ ಬೇಕಾದದ್ದು ಅದನ್ನು ಹಿಂದೆ ಕಣ್ಣಾರೆ ಕಂಡಿದ್ದ ಹಿರಿಯರ ಮಾತು. ಕೈಯಿಂದ ಕೈಗೆ ಕೊಟ್ಟವರ ಮೇಲಿನ ನಂಬಿಕೆಯಿಂದಲೇ ಕುರುಹು ಕುರುಹಾಗಿ ಉಳಿಯುತ್ತದೆ. ಆ ಸರಪಳಿಯ ಒಂದು ಕೊಂಡಿ ನಮ್ಮ ಕನ್ನಡ ನಾಡಿನಲ್ಲಿದೆ ಎಂಬುದು ನಿಮಗೆ ತಿಳಿದಿರಲಿ.

ಮುಂದಿನ ಸಲ ಊರಿಗೆ ಹೊರಟಾಗ ಅಪ್ಪ ಅಮ್ಮನಿಗೆ ಹೇಳಿ ವಿಜಯಪುರದಲ್ಲಿ ಒಂದು ತಾಸು ಹೆಚ್ಚು ಇಟ್ಟುಕೊಳ್ಳಿ. ಅಸರ್ ಮಹಲಿನ ಹೊಂಡದ ಕಟ್ಟೆಯ ಮೇಲೆ ಕುಳಿತು ಈ ಕಥೆಯನ್ನು ತಮ್ಮ ತಂಗಿಯರಿಗೆ ಕನ್ನಡದಲ್ಲೇ ಹೇಳಿ.