ಮನೆಯಂಗಳ: ಮೆಣಸಿನ ಅಗಿಗೆ ದೀಪ ಬೇಕೇ, ಬಿಸಿಲು ಸಾಕೇ?



ನಮ್ಮ ಭಾಗದ ಊಟದಲ್ಲಿ ಜೋಳದ ರೊಟ್ಟಿಯ ಜೊತೆಗೆ ಕೆಂಪು ಖಾರ ಇಲ್ಲದ ದಿನವಿಲ್ಲ. ಸುಗ್ಗಿಯ ಕಾಲದಲ್ಲಿ ಹಣ್ಣುಮೆಣಸಿನಕಾಯಿಯ ರಂಜಕ ಕುಟ್ಟುವುದು ಮನೆಮನೆಯ ಸಂಭ್ರಮ. ಟಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಿಂದ ವಿಜಯಪುರಕ್ಕೆ ಬಂದು ನೆಲೆಸಿದ ಕುಟುಂಬಗಳು ಈ ರುಚಿಯನ್ನು ಮರೆತಿಲ್ಲ. ಮಾಳಿಗೆಯ ಮೇಲೆ ನಾಲ್ಕು ಕುಂಡವಿಟ್ಟು ಮೆಣಸಿನ ಗಿಡ ಬೆಳೆಸುವವರು ಈಗ ಬಹಳ ಜನ. ಅಗಿ ಎಬ್ಬಿಸಲು ವಿಶೇಷ ವಿದ್ಯುದ್ದೀಪಗಳನ್ನು ಕೊಳ್ಳಬೇಕೇ ಎಂಬುದು ಅವರಲ್ಲಿ ಹಲವರ ಪ್ರಶ್ನೆ. ಸಾವಿರಾರು ರೂಪಾಯಿ ಖರ್ಚಿನ ಮಾತಾದ್ದರಿಂದ ಕೊಂಚ ವಿಚಾರ ಮಾಡುವುದು ಒಳಿತು.

ಮೊದಲು ಬೀಜದ ಸ್ವಭಾವವನ್ನು ಅರಿಯಬೇಕು. ಮೆಣಸಿನ ಬೀಜ ಮೊಳೆಯಲು ಬೇಕಾದುದು ಬೆಳಕಲ್ಲ, ಬೆಚ್ಚನೆಯ ತೇವ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖವಿದ್ದರೆ ಎಂಟು ಹತ್ತು ದಿನಗಳಲ್ಲಿ ಮೊಳಕೆ ಕಾಣುತ್ತದೆ. ಮೊಳಕೆ ಮಣ್ಣಿನಿಂದ ತಲೆಯೆತ್ತಿದ ದಿನದಿಂದಲೇ ಬೆಳಕು ಅನಿವಾರ್ಯ. ಬೆಳಕು ಸಾಲದಿದ್ದರೆ ಸಸಿಯು ಅದನ್ನು ಅರಸುತ್ತಾ ದಾರದಂತೆ ಉದ್ದವಾಗಿ, ಬಿಳಿಚಿಕೊಂಡು, ಕೊನೆಗೆ ಬಾಗಿ ಬೀಳುತ್ತದೆ. ಅಂತಹ ಅಗಿ ಮುಂದೆ ಕುಂಡಕ್ಕೆ ಹೋದರೂ ಚೇತರಿಸಿಕೊಳ್ಳುವುದು ಕಷ್ಟ. ಒಂದು ಹಂಗಾಮೇ ವ್ಯರ್ಥವಾಗುತ್ತದೆ.

ಶೀತದೇಶಗಳಲ್ಲಿ ಚಳಿಗಾಲದ ಹಗಲು ತೀರ ಚಿಕ್ಕದು, ಹೊರಗೆ ಹಿಮ. ಆದ್ದರಿಂದ ಅಲ್ಲಿನವರಿಗೆ ದೀಪ ಬೇಕು. ವಿಜಯಪುರದಲ್ಲಿ ಡಿಸೆಂಬರ್ ತಿಂಗಳಲ್ಲಿಯೂ ಹಗಲು ಸುಮಾರು 11 ಗಂಟೆಯಿರುತ್ತದೆ. ಆಗ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಕಿಟಕಿಯೊಳಗೆ ಬಿಸಿಲು ಧಾರಾಳವಾಗಿ ಬರುತ್ತದೆ. ಹೀಗಾಗಿ ಎಳ್ಳಮಾವಾಸ್ಯೆಯ ಸುಮಾರಿಗೆ ಬೀಜ ಹಾಕುವವರಿಗೆ ದೀಪದ ಅಗತ್ಯವಿಲ್ಲ. ರಾತ್ರಿಯ ತಂಪಿಗೆ ತಟ್ಟೆಯನ್ನು ಒಳಗಿಟ್ಟರೆ ಸಾಕು.

ಹೊಲವುಳ್ಳ ಬಂಧುಗಳಿಗಂತೂ ದೀಪದ ಮಾತೇ ಬೇಡ. ತೆಂಗಿನ ನಾರಿನ ಪುಡಿ ತುಂಬಿದ 98 ಕುಳಿಗಳ ತಟ್ಟೆ, ಮೇಲೆ ಅರೆನೆರಳಿನ ಬಲೆ, ಸುತ್ತಲೂ ಕೀಟ ನುಸುಳದ ಸಣ್ಣ ಕಣ್ಣಿನ ಪರದೆ, ಇಷ್ಟೇ ಸಾಕು. ಎಲೆ ಮುರುಟಿಸುವ ಥ್ರಿಪ್ಸ್ ನುಸಿಯನ್ನು ಅಗಿಯ ಹಂತದಲ್ಲಿಯೇ ತಡೆದವನು ಅರ್ಧ ಬೆಳೆಯನ್ನು ಉಳಿಸಿಕೊಂಡಂತೆ.

ತೊಡಕಿರುವುದು ನಗರದ ಬಹುಮಹಡಿ ಮನೆಗಳಲ್ಲಿ, ಅದೂ ಬೇಸಿಗೆಯಲ್ಲಿ. ಮುಂಗಾರಿಗೆ ಗಿಡ ನೆಡಬೇಕಾದರೆ ಮೇ ತಿಂಗಳಲ್ಲಿ ಬೀಜ ಹಾಕಬೇಕು. ಆಗ ಹೊರಗೆ 40 ಡಿಗ್ರಿಯ ಉರಿ. ಎಳೆಯ ಸಸಿ ಸುಟ್ಟುಹೋಗುತ್ತದೆ. ಒಳಗಿಡೋಣವೆಂದರೆ ಸೂರ್ಯನು ನಡುನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಿರುವುದರಿಂದ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ. ಪೂರ್ವದ ಕಿಟಕಿಯಿದ್ದರೆ ಬೆಳಗಿನ ಬಿಸಿಲು ಸಾಕು. ಅದೂ ಇಲ್ಲದವರಿಗೆ ಮಾತ್ರ ದೀಪ ನಿಜವಾಗಿ ಉಪಕಾರಿ.

ಹಾಗಾದರೆ ಎಂತಹ ದೀಪ? ಹಳೆಯ ಕಾಲದ ತಂತಿಯ ಬಲ್ಬು ಬೇಡ. ಅದು ಹೀರುವ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುತ್ತದೆ. ನೇರಳೆ ಬಣ್ಣದ ದೀಪಗಳನ್ನು ಗಿಡಕ್ಕೆಂದೇ ಮಾರುತ್ತಾರೆ. ಎಲೆಗಳು ಕೆಂಪು ಮತ್ತು ನೀಲಿ ಕಿರಣಗಳನ್ನು ಹೆಚ್ಚು ಹೀರುವುದು ನಿಜ, ಆ ದೀಪದಡಿ ಸಸಿ ಬೆಳೆಯುವುದೂ ನಿಜ. ಆದರೆ ಆ ಬಣ್ಣದಲ್ಲಿ ಎಲೆ ಹಳದಿಯಾದದ್ದೂ, ನುಸಿ ಬಿದ್ದದ್ದೂ ಕಣ್ಣಿಗೆ ಕಾಣದು. ಮನೆಯವರ ಕಣ್ಣಿಗೂ ಹಿತವಲ್ಲ. ಸಾಮಾನ್ಯ ಬಿಳಿಯ ಎಲ್‌ಇಡಿ ಟ್ಯೂಬಿನಲ್ಲಿ ನೀಲಿಯೂ ಕೆಂಪೂ ಸೇರಿಯೇ ಇರುತ್ತವೆ. ಪೆಟ್ಟಿಗೆಯ ಮೇಲೆ 6500 ಕೆಲ್ವಿನ್ ಎಂದು ಬರೆದಿರುವ ಹಗಲುಬೆಳಕಿನ ಟ್ಯೂಬು ಸಸಿಗೆ ಸಾಕು. ‘ಸಾವಿರ ವ್ಯಾಟಿಗೆ ಸಮಾನ’ ಎಂಬ ಜಾಹೀರಾತಿಗೆ ಮರುಳಾಗದೆ, ದೀಪವು ನಿಜವಾಗಿ ಎಷ್ಟು ವ್ಯಾಟ್ ಬಳಸುತ್ತದೆ, ಎಷ್ಟು ಲ್ಯೂಮೆನ್ ಬೆಳಕು ಕೊಡುತ್ತದೆ ಎಂಬುದನ್ನೇ ನೋಡಿರಿ.

ನಾಲ್ಕು ಅಡಿಯ, 20 ವ್ಯಾಟಿನ ಎರಡು ಟ್ಯೂಬುಗಳನ್ನು ಅಕ್ಕಪಕ್ಕ ತೂಗುಹಾಕಿದರೆ ಅವುಗಳ ಕೆಳಗೆ ಉದ್ದಕ್ಕೆ ಎರಡು ತಟ್ಟೆಗಳನ್ನು ಇಡಬಹುದು. ಮೂರನೆಯದೊಂದು ಇದ್ದರೆ ಇನ್ನೂ ಒಳಿತು. ದೀಪವನ್ನು ಸಸಿಯ ತುದಿಯಿಂದ ನಾಲ್ಕರಿಂದ ಆರು ಅಂಗುಲದ ಎತ್ತರದಲ್ಲಿ ಇಡಬೇಕು; ಸಸಿ ಬೆಳೆದಂತೆ ದೀಪವನ್ನೂ ಏರಿಸಬೇಕು. ಛಾವಣಿಯ ದೀಪದಿಂದ ಪ್ರಯೋಜನವಿಲ್ಲ, ದೂರ ಹೆಚ್ಚಿದಂತೆ ಬೆಳಕು ಬೇಗ ಕುಗ್ಗುತ್ತದೆ. ದಿನಕ್ಕೆ 14 ಗಂಟೆ ಉರಿಸಿ, ರಾತ್ರಿ ಕತ್ತಲೆ ಬಿಡಬೇಕು. ಎರಡು ಟ್ಯೂಬುಗಳಿಗೆ ದಿನಕ್ಕೆ ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು, ತಿಂಗಳಿಗೆ ಸುಮಾರು 17 ಯೂನಿಟ್ ಖರ್ಚು. ನಡುವೆ ಕರೆಂಟು ಹೋದರೆ ಗಾಬರಿ ಬೇಡ, ಕೆಲವು ಗಂಟೆಯ ಕತ್ತಲೆಗೆ ಸಸಿ ಸಾಯುವುದಿಲ್ಲ. ನೀರು ಹಾಕುವಾಗ ಮಾತ್ರ ಗುಂಡಿ ಆರಿಸಿರಿ. ತಂತಿಗಳು ಮಕ್ಕಳ ಕೈಗೆ ಸಿಗದಂತಿರಲಿ. ನೀರು ಅತಿಯಾದರೆ ಸಸಿಯ ಬುಡ ಕೊಳೆಯುತ್ತದೆಂಬುದೂ ನೆನಪಿರಲಿ.

ದೀಪದಡಿ ಬೆಳೆದ ಅಗಿ ಬಿಸಿಲನ್ನು ಕಂಡಿರುವುದಿಲ್ಲ. 35–45 ದಿನಗಳಿಗೆ ನಾಟಿಗೆ ಬರುವ ಮುನ್ನ ಒಂದು ವಾರ ಅದನ್ನು ಬೆಳಗಿನ ಎಳೆಬಿಸಿಲಿಗೆ ಇಡಬೇಕು. ಮೊದಲ ದಿನ ಒಂದು ಗಂಟೆ, ಮರುದಿನ ತುಸು ಹೆಚ್ಚು. ತಳಿಯ ಆಯ್ಕೆ ಅವರವರ ರುಚಿಗೆ ಬಿಟ್ಟದ್ದು. ಬಣ್ಣ ಹೆಚ್ಚು, ಖಾರ ಹದ ಬೇಕೆನ್ನುವವರಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿ ಇದ್ದೇ ಇದೆ.

ಹೊಲಮನೆ ಬಿಟ್ಟು ಮಕ್ಕಳೊಡನೆ ನಗರಕ್ಕೆ ಬಂದ ಹಿರಿಯರಿಗೆ ದಿನಗಳು ಭಾರವೆನಿಸುವುದುಂಟು. ಒಂದು ತಟ್ಟೆ ಅಗಿಯ ಆರೈಕೆ ಅವರಿಗೆ ಪ್ರೀತಿಯ ಕಾಯಕವಾದೀತು, ಮೊಮ್ಮಕ್ಕಳಿಗೆ ಮಣ್ಣಿನ ಪಾಠವೂ ಆದೀತು. ಒಂದು ತಟ್ಟೆಯಲ್ಲಿ 98 ಸಸಿಗಳು. ಒಂದು ಮನೆಗೆ ಹತ್ತು ಸಾಕು. ಉಳಿದವನ್ನು ನೆರೆಹೊರೆಗೆ ಹಂಚಿದರೆ ಅದೇ ದಾಸೋಹ. ಕೊಳ್ಳುವ ಮುನ್ನ ಒಂದು ದಿನ ತಮ್ಮ ಮನೆಯ ಕಿಟಕಿಗಳಲ್ಲಿ ಬಿಸಿಲು ಎಲ್ಲಿ, ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಿರಿ. ನಾಲ್ಕು ಗಂಟೆ ನಿಂತರೆ ದೀಪದ ಹಣ ಉಳಿಯಿತು.